ಐದು ಮೀಟರ್ ಆಚೀಚೆ

ಬನಶಂಕರಿ ಜಾತ್ರೆ ಹತ್ತಿರ ಬಂತೆಂದರೆ ಚೊಳಚಗುಡ್ಡದಲ್ಲಿ ಯಾರ ಮನೆಯೂ ಅವರದ್ದಾಗಿ ಉಳಿಯುವುದಿಲ್ಲ. ಪಲ್ಯದ ಹಬ್ಬಕ್ಕೆ ನೂರೆಂಟು ಬಗೆಯ ಪಲ್ಯ, ಮರುದಿನ ಬನದ ಹುಣ್ಣಿಮೆಗೆ ತೇರು, ಅಲ್ಲಿಂದ ಮುಂದೆ ವಾರಗಟ್ಟಲೆ ನಾಟಕ ಕಂಪನಿಗಳ ಆಟ. ಒಂದೊಂದರ ನೆಪದಲ್ಲಿ ಬೀಗರು ಬರುತ್ತಾರೆ, ಬೀಗರ ಬೀಗರು ಬರುತ್ತಾರೆ, ಅವರನ್ನು ಕರೆತಂದ ಡ್ರೈವರನೂ ಪಂಕ್ತಿಗೆ ಕೂರುತ್ತಾನೆ. ಮೊದಲು ಇವರೆಲ್ಲ ಬಸ್ಸಿಳಿದು "ಮಾಸ್ತರ ಮನಿ ಯಾಕಡೆ ಬರ್ತೈತ್ರಿ?" ಎಂದು ಕೇಳಿಕೊಂಡು ಬರುತ್ತಿದ್ದರು. ದಾರಿ ಹೇಳಿದವರು ಅದರ ಜೊತೆಗೆ ನನ್ನ ಮಂಡಿನೋವು, ಸೊಸೈಟಿ ಸಾಲ, ಪೆನ್ಶನ್ನಿನ ವಿವರಗಳನ್ನೂ ಕೊಟ್ಟು ಕಳಿಸುತ್ತಿದ್ದರಾದ್ದರಿಂದ, ಹೊಸ್ತಿಲು ದಾಟುವಷ್ಟರಲ್ಲಿ ಕುಶಲಪ್ರಶ್ನೆಯ ಭಾಗ ಮುಗಿದಿರುತ್ತಿತ್ತು. ಈಗಿನವರು ಯಾರನ್ನೂ ಕೇಳುವುದಿಲ್ಲ. "ಮಾವಾರ, ಲೊಕೇಶನ್ ಹಾಕ್ರಿ" ಅನ್ನುತ್ತಾರೆ.

ಹಾಕಿದೆ. ಪಡಸಾಲೆಯ ತಗಡಿನ ಕೆಳಗೆ, ಗೋಡೆಗೆ ಒರಗಿ ಕೂತಲ್ಲಿಂದಲೇ ಹಾಕಿದೆ. ರಾತ್ರಿಯೆಲ್ಲ ಬೆಂಗಳೂರಿನಿಂದ ಕಾರು ಓಡಿಸಿಕೊಂಡು ಬಂದ ಅಳಿಯ ನಸುಕಿನಲ್ಲಿ ಫೋನು ಮಾಡಿದ. ಅವನು ನಿಂತದ್ದು ಗುಡಿಯ ಮುಂದಿನ ಹರಿದ್ರಾ ತೀರ್ಥದ ಕಟ್ಟೆಯ ಮೇಲೆ. "ಮಾವಾರ, ಇದು ಹೊಂಡದಾಗ ಇಳೀರಿ ಅನ್ನಾಕ ಹತ್ತೈತಿ!" ಮನುಷ್ಯರ ಮಾತನ್ನಾಗಲಿ ಯಂತ್ರದ ಮಾತನ್ನಾಗಲಿ ಸಲೀಸಾಗಿ ಕೇಳುವ ಪೈಕಿಯವನಲ್ಲ ನಮ್ಮ ಅಳಿಯ. ಮದುವೆಯಾದಾಗಿನಿಂದ ಈ ಬಗ್ಗೆ ಮನೆಯಲ್ಲಿ ತಕರಾರಿತ್ತು. ಅವತ್ತು ಮೊದಲ ಬಾರಿಗೆ ಎಲ್ಲರೂ ಅವನ ಸ್ವಭಾವವನ್ನು ಹೊಗಳಿದರು.

ಹೊಗಳಿಕೆಗೆ ಉಬ್ಬಿ ಅವನು ಕಾರಿನ ಡಿಕ್ಕಿಯಿಂದ ಒಂದು ಪುಟ್ಟ ಯಂತ್ರ ತೆಗೆದು ನನ್ನ ಕೈಯಲ್ಲಿಟ್ಟ. ಗುಡ್ಡ ಹತ್ತುವ ಹುಚ್ಚು ಇದ್ದ ಕಾಲದಲ್ಲಿ ಕೊಂಡಿದ್ದ ಕೈ ಜಿಪಿಎಸ್ಸಂತೆ. ಈಗ ಹುಚ್ಚು ಬಿಟ್ಟಿದೆ, ಹೊಟ್ಟೆ ಬಂದಿದೆ, ಯಂತ್ರ ಮಾವನ ಪಾಲಿಗೆ ಬಂದಿದೆ. ಅಂಗೈಯಗಲ, ಎರಡು ಸೆಲ್ಲು, ಬೂದು ಬಣ್ಣದ ಪರದೆ. ಅಂಗಳಕ್ಕೆ ತಂದು ಗುಂಡಿ ಒತ್ತಿದರೆ ಅದು ಸಾವಕಾಶವಾಗಿ 15 ಡಿಗ್ರಿ 53 ನಿಮಿಷ ಉತ್ತರ, 75 ಡಿಗ್ರಿ 42 ನಿಮಿಷ ಪೂರ್ವ ಎಂದಿತು. ಸರಿಯೇ. ಆದರೆ ಅಕ್ಷಾಂಶದ ಒಂದು ನಿಮಿಷವೆಂದರೆ ನೆಲದ ಮೇಲೆ ಸುಮಾರು 1,850 ಮೀಟರ್. ಅಷ್ಟರಲ್ಲಿ ಗುಡಿಯೂ ಬಂತು, ಹೊಂಡವೂ ಬಂತು, ನಾನೂ ಬಂದೆ, ನನ್ನ ಮೇಲೆ ಕೇಸು ಹಾಕಿದವರೂ ಬಂದರು. ನಿಮಿಷದ ಮುಂದಿನ ಮೂರನೆಯ ದಶಮಾಂಶ ಸ್ಥಾನದವರೆಗೆ ಓದಿದರೆ ಲೆಕ್ಕ ಎರಡು ಮೀಟರಿಗೆ ಇಳಿಯುತ್ತದೆ. ಅಂಕಿ ಅಲ್ಲಿಯವರೆಗೆ ಇದ್ದಮಾತ್ರಕ್ಕೆ ಅದು ಅಲ್ಲಿಯವರೆಗೆ ನಿಜವೆಂದಲ್ಲ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ "±5 ಮೀ." ಎಂದು ಯಂತ್ರವೇ ಒಪ್ಪಿಕೊಂಡಿರುತ್ತದೆ.

ಇನ್ನೊಂದು ವಿಶೇಷ, ಪರದೆಯ ಮೇಲಿನ ತಾರೀಖು. ಸುಮಾರು ಇಪ್ಪತ್ತು ವರ್ಷ ಹಿಂದಿನದು! ಕೆಟ್ಟಿದೆಯೆಂದುಕೊಂಡರೆ ಹಾಗಲ್ಲ. ಜಿಪಿಎಸ್ ತನ್ನ ವಾರಗಳನ್ನು 1980ರ ಜನವರಿ 6ರಿಂದ ಎಣಿಸುತ್ತ ಬಂದಿದೆ. ಹಳೆಯ ಪದ್ಧತಿಯಲ್ಲಿ 1,023ರವರೆಗೆ ಮಾತ್ರ ಎಣಿಸಲು ಜಾಗವಿತ್ತು. ತುಂಬಿದ ಕೂಡಲೇ ಮತ್ತೆ ಸೊನ್ನೆ. 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗೆ ತುಂಬಿತು. ಇದನ್ನು ತಿದ್ದುವ ಹೊಸ ಸಾಫ್ಟ್‌ವೇರ್ ಹಾಕಿಸಿಕೊಳ್ಳದ ಯಂತ್ರಗಳು 1,024 ವಾರ ಹಿಂದಕ್ಕೆ ಹೋಗಿ ಕೂತಿವೆ. ಜಾಗವನ್ನು ಮಾತ್ರ ಸರಿಯಾಗಿಯೇ ಹೇಳುತ್ತವೆ. ನನ್ನ ಯಂತ್ರದ ಪ್ರಕಾರ ನಾನಿನ್ನೂ ಸರ್ವಿಸಿನಲ್ಲಿದ್ದೇನೆ, ತಲೆಯಲ್ಲಿ ಕೂದಲಿದೆ, ಮಂಡಿ ಗಟ್ಟಿಯಿದೆ. ಇಂಥದ್ದನ್ನು ರಿಪೇರಿಗೆ ಕೊಡುವಷ್ಟು ಅರಸಿಕ ನಾನಲ್ಲ.

ಅಂದಹಾಗೆ ಜಿಪಿಎಸ್ ಜಾಗ ಹೇಳುವ ಯಂತ್ರವೆಂದು ನಾವು ತಿಳಿದಿದ್ದರೂ ಅದು ಮಾಡುವುದು ಹೊತ್ತಿನ ಲೆಕ್ಕ. 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆರಡು ಸುತ್ತು ಹೊಡೆಯುವ ಉಪಗ್ರಹಗಳು ಕೆಳಕ್ಕೆ ಕಳಿಸುವುದು "ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೇನೆ" ಎಂಬ ಒಂದೇ ವರದಿ. ಅದು ನೆಲಕ್ಕೆ ಬರಲು ಹಿಡಿಯುವ ಹೊತ್ತು ಒಂದು ಸೆಕೆಂಡಿನ ಹದಿನಾಲ್ಕರಲ್ಲೊಂದು ಪಾಲು. ಎಷ್ಟು ತಡವಾಗಿ ಬಂತು ಎಂಬುದರಿಂದ ಎಷ್ಟು ದೂರ ಎಂಬುದು ಸಿಗುತ್ತದೆ. ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ನಮ್ಮ ಜಾಗ ಸಿಗುತ್ತದೆ. ಆದ್ದರಿಂದ ಗಡಿಯಾರ ಸ್ವಲ್ಪ ಅಲುಗಿದರೂ ಕೆಲಸ ಕೆಟ್ಟಿತು. ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯಿಂದಾಗಿ ಮೇಲಿನ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಅದನ್ನು ಸರಿಪಡಿಸದೆ ಬಿಟ್ಟಿದ್ದರೆ ದೂರದ ಲೆಕ್ಕ ದಿನಕ್ಕೆ 11 ಕಿಲೋಮೀಟರಿನಷ್ಟು ಜಾರುತ್ತಿತ್ತು. ನಮ್ಮೂರಿಂದ ನೇರ ಗೆರೆ ಎಳೆದರೆ ಮೊದಲ ದಿನ ಪಟ್ಟದಕಲ್ಲಿನ ಸಮೀಪ, ಎರಡನೆಯ ದಿನ ಐಹೊಳೆ. ಬಸ್ ಚಾರ್ಜಿಲ್ಲದೆ ಚಾಲುಕ್ಯರ ಊರುಗಳನ್ನೆಲ್ಲ ನೋಡಿಕೊಂಡು ಬರಬಹುದಿತ್ತು.

ಚಾಲುಕ್ಯರೆಂದ ಕೂಡಲೇ ನೆನಪಾಯಿತು. ಹೊತ್ತನ್ನೂ ಜಾಗವನ್ನೂ ಕೂಡಿಸಿ ಬರೆದಿಡುವ ಶಿಸ್ತು ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿಂದ ಐದು ಕಿಲೋಮೀಟರ್ ದೂರದ ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶ ಶಕ ವರ್ಷ 500ರ ಕಾರ್ತಿಕ ಹುಣ್ಣಿಮೆ ಎಂದು ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾನೆ, ಅಂದರೆ ಕ್ರಿ.ಶ. 578. ಆ ಒಂದು ತಾರೀಖು ಖಚಿತವಾಗಿ ಸಿಕ್ಕಿದ್ದರಿಂದಲೇ ಸುತ್ತಲಿನ ಎಷ್ಟೋ ಗುಡಿಗಳ ಕಾಲವನ್ನು ವಿದ್ವಾಂಸರು ಅದಕ್ಕೆ ಹೋಲಿಸಿ ನಿರ್ಣಯಿಸಿದರು. ಖಾತ್ರಿಯಿರುವ ಒಂದನ್ನು ಹಿಡಿದು ಖಾತ್ರಿಯಿಲ್ಲದ ಹತ್ತನ್ನು ಸರಿಪಡಿಸುವುದು! ಇದನ್ನು ಒಂದು ಕಡೆ ಇಟ್ಟಿರಿ, ಮುಂದೆ ಬೇಕಾಗುತ್ತದೆ.

ಬಾದಾಮಿಗೂ ಯಂತ್ರ ಒಯ್ದಿದ್ದೆ. ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕೆಂಪು ಬಂಡೆಗಳ ಬುಡಕ್ಕೆ ನಿಂತು ನೋಡಿದರೆ ನಾನು ಅಲುಗಾಡದಿದ್ದರೂ ಪರದೆಯ ಮೇಲಿನ ಚುಕ್ಕೆ ನೀರಿನ ಮೇಲೆ ಅಡ್ಡಾಡಿ ಬಂತು. ಉಪಗ್ರಹದ ಸಂಕೇತ ನಮ್ಮನ್ನು ಮುಟ್ಟುವಾಗ ಅದರ ಬಲ ಒಂದು ವ್ಯಾಟಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಅಂಥ ಬಡ ಸಂಕೇತ ನೇರವಾಗಿ ಬಾರದೆ ಬಂಡೆಗೆ ಬಡಿದು ತಿರುಗಿ ಬಂದರೆ ಹೊತ್ತು ಹೆಚ್ಚು ಹಿಡಿಯುತ್ತದೆ, ದೂರ ಹೆಚ್ಚೆಂದು ಯಂತ್ರ ತಿಳಿಯುತ್ತದೆ. ಗುಹೆಗಳ ಮುಂದೆ ನಿಂತು ಹುಡುಗರು ಕೂಗು ಹಾಕಿದರೆ ಎದುರಿನ ಗುಡ್ಡ ಅದನ್ನೇ ತಡವಾಗಿ ಹೇಳುತ್ತದಲ್ಲ, ಹಾಗೆ. ಕಣ್ಣು ಮುಚ್ಚಿಕೊಂಡವರಿಗೆ ಕೂಗಿದವರು ಆಚೆ ದಡದಲ್ಲಿದ್ದಾರೆ ಅನ್ನಿಸುತ್ತದೆ. ಬಂಡೆ, ಎತ್ತರದ ಗೋಡೆ, ತಗಡು, ನೀರು ಕುಡಿದ ದಟ್ಟ ಎಲೆ, ಇವಿಷ್ಟೂ ಯಂತ್ರದ ವೈರಿಗಳು. ನಮ್ಮೂರ ಎಲೆತೋಟಗಳಲ್ಲಿ ಚೊಗಚಿ, ನುಗ್ಗಿ ಗಿಡಕ್ಕೆ ಹಬ್ಬಿಸಿದ ವೀಳ್ಯದೆಲೆ ಬಳ್ಳಿಗಳ ನಡುವೆ ಹೊಕ್ಕರೆ ಬಿಸಿಲೂ ಇಳಿಯುವುದಿಲ್ಲ, ಜಿಪಿಎಸ್ಸೂ ಇಳಿಯುವುದಿಲ್ಲ. ಎಲೆ ಹಾಕಿಕೊಳ್ಳಲು ಪ್ರಶಸ್ತ, ಅಳತೆಗಲ್ಲ.

ಆದ್ದರಿಂದ ನಿಖರತೆಯ ಮೊದಲ ಪಾಠ ದುಡ್ಡು ಕೇಳುವುದಿಲ್ಲ: ಬಯಲಿಗೆ ಬಾ. ಎರಡನೆಯದು, ಕಾಯಿ. ಬಹಳ ದಿನ ಮುಚ್ಚಿಟ್ಟಿದ್ದ ಹಳೆಯ ಯಂತ್ರ ಎಲ್ಲ ಉಪಗ್ರಹಗಳ ಪಂಚಾಂಗವನ್ನು ಆಕಾಶದಿಂದಲೇ ಇಳಿಸಿಕೊಳ್ಳಬೇಕು. ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ. ಆಮೇಲೂ ಒಂದೇ ಓದನ್ನು ನಂಬದೆ ಒಂದೇ ಕಡೆ ಇಟ್ಟು ಹಲವು ಓದುಗಳ ಸರಾಸರಿ ತೆಗೆಯಬೇಕು. ಇದಕ್ಕಾಗಿ ಎಷ್ಟೋ ಯಂತ್ರಗಳಲ್ಲಿ ಬೇರೆ ಗುಂಡಿಯೇ ಇದೆ. ಉಪಗ್ರಹಗಳು ನೆತ್ತಿಯ ಮೇಲೆ ಒಂದೇ ಕಡೆ ಗುಂಪುಗೂಡಿದ್ದರೆ ಲೆಕ್ಕ ಸಡಿಲ, ನಾಲ್ಕು ದಿಕ್ಕಿಗೂ ಹರಡಿಕೊಂಡಿದ್ದರೆ ಬಿಗಿ; ಅವು ಹರಡುವವರೆಗೆ ಪುರುಸೊತ್ತು ಬೇಕು. ನಾನು ಈ ಪ್ರಯೋಗ ಮಾಡಿದ್ದು ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ರೊಟ್ಟಿ ಅವ್ವಂದಿರ ಪಕ್ಕದ ಬಯಲಿನಲ್ಲಿ. ಕಲ್ಲಿನ ಮೇಲೆ ಯಂತ್ರ, ಎದುರಿಗೆ ಕಟಕ್ ರೊಟ್ಟಿ, ಝುಣಕ, ಕೆಂಪು ಖಾರ, ಕುಡಿಕೆಯ ಮೊಸರು. ನಾನು ಎರಡನೆಯ ರೊಟ್ಟಿಗೆ ಬರುವಷ್ಟರಲ್ಲಿ ಅಲೆದಾಡುತ್ತಿದ್ದ ಅಂಕಿ ತಣ್ಣಗಾಗಿತ್ತು. "ಅದಕ್ಕೂ ಒಂದು ತುತ್ತು ಹಾಕ್ರಿ ಮಾಸ್ತರ, ಪಾಪ, ಆಗಿಂದ ನಿಮ್ಮನ್ನ ನೋಡಾಕ ಹತ್ತೈತಿ" ಎಂದಳು ಅವ್ವ.

ಹೀಗೆಲ್ಲ ಕಾದರೂ ಹೋಗದ ಒಂದು ದೋಷ ಮೇಲೆಯೇ ಕೂತಿದೆ. ಸೂರ್ಯನ ಬಿಸಿಲಿಗೆ ವಾತಾವರಣದ ಮೇಲಿನ ಪದರದಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಅಯಾನುಗೋಲ ಎಂಬುದು ಆಗುತ್ತದೆ. ಅದನ್ನು ದಾಟುವ ಸಂಕೇತ ತಡವಾಗುತ್ತದೆ. ಈ ಉಪದ್ರವ ಭೂಮಿಯ ಕಾಂತೀಯ ಸಮಭಾಜಕದ ಅಕ್ಕಪಕ್ಕದಲ್ಲೇ ಜಾಸ್ತಿ, ಮತ್ತು ಆ ರೇಖೆ ಹಾದುಹೋಗುವುದು ನಮ್ಮ ದಕ್ಷಿಣದ ತುದಿಯ ಹತ್ತಿರದಿಂದ. 1963ರಲ್ಲಿ ತಿರುವನಂತಪುರದ ಬಳಿಯ ತುಂಬಾದಿಂದ ಮೊದಲ ರಾಕೆಟ್ ಹಾರಿಸಲು ಆ ಜಾಗವನ್ನೇ ಆರಿಸಿದ್ದು ಈ ಕಾರಣಕ್ಕೆ. ಮಧ್ಯಾಹ್ನದ ಹೊತ್ತಿಗೆ ತಡ ಹೆಚ್ಚು. ಮುಸ್ಸಂಜೆ ಕಳೆದ ಮೇಲೆ ಕೆಲವು ತಿಂಗಳು ಪದರದಲ್ಲಿ ಗುಳ್ಳೆಗಳೆದ್ದು ಸಂಕೇತ ಮಿಣುಕತೊಡಗುತ್ತದೆ. ಹಳೆಯ ಕೈಯಂತ್ರಗಳಲ್ಲಿ ಇದಕ್ಕೆ ಒಂದು ಸೂತ್ರ ಹಾಕಿರುತ್ತಾರೆ, ಅದು ತೊಡೆಯುವುದು ಹೆಚ್ಚುಕಡಿಮೆ ಅರ್ಧ ದೋಷವನ್ನು. ಈಚಿನ ಒಳ್ಳೆಯ ಯಂತ್ರಗಳು, 2018ರಿಂದೀಚೆಗೆ ಕೆಲವು ಫೋನುಗಳೂ, ಒಂದೇ ಉಪಗ್ರಹದಿಂದ ಎರಡು ಬೇರೆ ಕಂಪನಾಂಕದ ಸಂಕೇತ ಹಿಡಿಯುತ್ತವೆ. ಎರಡಕ್ಕೂ ಆಗುವ ತಡ ಬೇರೆ ಬೇರೆ. ವ್ಯತ್ಯಾಸ ನೋಡಿದರೆ ಪದರ ಮಾಡಿದ ಚೇಷ್ಟೆಯಷ್ಟೂ ಬಯಲಾಗುತ್ತದೆ. ಒಂದೇ ಕಂಪನಾಂಕದ ನನ್ನಂಥ ಬಡವರಿಗೆ ಇರುವ ಉಪಾಯ, ನಸುಕಿನಲ್ಲಿ ಏಳುವುದು.

ಹಾಗೆ ಎದ್ದು, ಮಂಗನಟೋಪಿ ಹಾಕಿಕೊಂಡು, ಹೊಲದ ಬದುವಿನ ಮೇಲೆ ಯಂತ್ರವನ್ನು ಎದೆಯ ಮುಂದೆ ಹಿಡಿದು ನಿಧಾನವಾಗಿ ಹೆಜ್ಜೆಯಿಡುತ್ತಿದ್ದೆ. ತಂಬಿಗೆ ಹಿಡಿದು ಹೊರಟಿದ್ದ ಕಾಕಾ ಕಂಡರು. ಕಾಕಾ ನಮ್ಮ ದಾಯಾದಿ. ಬದುವಿನ ಆಚೆಯ ಹೊಲ ಅವರದ್ದು. ನಮ್ಮೆರಡು ಮನೆಗಳ ನಡುವೆ ಹಬ್ಬಕ್ಕೆ ಹೋಳಿಗೆ, ಕೋರ್ಟಿಗೆ ವಾಯಿದೆ ಎರಡೂ ತಪ್ಪದೆ ನಡೆದುಕೊಂಡು ಬಂದಿವೆ.

"ಏನ್ ತಮ್ಮಾ, ಕತ್ತಲದಾಗ ಮೋಜಣಿ ಸುರು ಮಾಡೀಯಲ್ಲ?"

"ಇಲ್ಲ ಕಾಕಾ, ಸುಮ್ನ ನೋಡಾಕ ಹತ್ತಿದ್ದೆ."

"ಸುಮ್ನ ನೋಡಿದ್ದಕ್ಕ ನಿಮ್ಮಪ್ಪ ಒಂದು ಸಾಲು ಒಳಗ ಬಂದಿದ್ದ."

ತಂಬಿಗೆ ಕೆಳಗಿಟ್ಟು ಕಾಕಾ ನನ್ನ ಜೊತೆ ಬದುವಿನುದ್ದಕ್ಕೂ ನಡೆದರು. ನಾನು ಪ್ರಾಮಾಣಿಕವಾಗಿ ಹೇಳಿದೆ, ಇದು ಐದು ಮೀಟರ್ ಆಚೀಚೆ ಹೇಳುತ್ತದೆ, ಇದರಿಂದ ಹೊಲ ಅಳೆಯಲು ಬರುವುದಿಲ್ಲ. ಐದು ಮೀಟರ್ ಎಂದರೆ ಎಷ್ಟು ಎಂದು ಕಾಕಾ ಕೇಳಿದರು. ಹೇಳಹೋಗಿ ನನಗೇ ಸೋಜಿಗವಾಯಿತು. ನಮ್ಮ ಭಾಗದ ಹಳೆಯ ಸರಪಳಿ 33 ಅಡಿ, ಅಂದರೆ ಹತ್ತು ಮೀಟರಿಗೆ ಕೂದಲೆಳೆ ಜಾಸ್ತಿ. ಸರಪಳಿ ಉದ್ದ, ಸರಪಳಿ ಅಗಲ ಸೇರಿದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ, ಗುಂಟೆಗೆ ಹದಿನಾರಾಣೆ. ಐದು ಮೀಟರ್ ಆಚೆ, ಐದು ಮೀಟರ್ ಈಚೆ ಎಂದು ಸುತ್ತು ಹಾಕಿದರೆ ಆ ವೃತ್ತ ಸರಿಯಾಗಿ ಒಂದು ಗುಂಟೆಯೊಳಗೆ ಕೂರುತ್ತದೆ. ಜಿಪಿಎಸ್ ನಡೆಸುವ ಅಮೆರಿಕದ ಸೇನೆಗೆ ಅಲಕ್ಷಿಸಬಹುದಾದ ದೋಷ; ನಮ್ಮಲ್ಲಿ ಅಷ್ಟಕ್ಕೆ ಮೂರು ತಲೆಮಾರು ಮಾತು ಬಿಡುತ್ತದೆ. ದಿಶಾಂಕ್ ಆ್ಯಪು ತೆರೆದು ಬದುವಿನ ಮೇಲೆ ನಿಂತರೆ ಒಮ್ಮೆ ಅಣ್ಣನ ಸರ್ವೇ ನಂಬರು, ಒಮ್ಮೆ ತಮ್ಮನದು ಬರುವುದೂ ಇದಕ್ಕೇ. ನಕಾಶೆ ನಿಂತಲ್ಲೇ ನಿಂತಿರುತ್ತದೆ, ಅಲೆದಾಡುವುದು ಕೈಯಲ್ಲಿನ ಫೋನು.

ಮೊದಲು ಇನ್ನೂ ಚೆನ್ನಾಗಿತ್ತು. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕದವರು ಬೇಕೆಂದೇ ಸಂಕೇತವನ್ನು ಕಲಕಿ ಬಿಡುತ್ತಿದ್ದರು. ನಾಗರಿಕರಿಗೆ ನೂರು ಮೀಟರ್ ಆಚೀಚೆ, ಸೈನ್ಯಕ್ಕೆ ಖಚಿತ. ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸಿದ ರಾತ್ರಿ ಜಗತ್ತಿನ ಕೈಯಂತ್ರಗಳೆಲ್ಲ ಯಾವ ಖರ್ಚೂ ಇಲ್ಲದೆ ಒಮ್ಮೆಲೇ ಸುಧಾರಿಸಿಬಿಟ್ಟವು. ನಮ್ಮ ದೇಶ ಆ ಕೃಪೆಯನ್ನೇ ನಂಬಿ ಕೂರಲಿಲ್ಲ ಅನ್ನುವುದು ಸಮಾಧಾನ. 2013ರಿಂದ ಇಸ್ರೋ ನಾವಿಕ್ ಉಪಗ್ರಹಗಳನ್ನು ಹಾರಿಸುತ್ತ ಬಂತು. ಅವುಗಳ ಉಸ್ತುವಾರಿಯ ಕೇಂದ್ರ ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿದೆ. ಮೊದಲ ಉಪಗ್ರಹದ ಮೂರೂ ವಿದೇಶಿ ಪರಮಾಣು ಗಡಿಯಾರಗಳು ಕೈಕೊಟ್ಟಾಗ ಹೊತ್ತಿಲ್ಲದೆ ಜಾಗವಿಲ್ಲ ಎಂಬುದು ಎಲ್ಲರಿಗೂ ಮನದಟ್ಟಾಯಿತು. 2023ರ ಮೇ 29ರಂದು ಮೇಲೇರಿದ ಎನ್‌ವಿಎಸ್-01ರಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರವಿದೆ. ಸಣ್ಣ ಯಂತ್ರಗಳಿಗೂ ಒಗ್ಗುವ ಎಲ್1 ಸಂಕೇತವನ್ನೂ ಅದರಲ್ಲೇ ಸೇರಿಸಿದ್ದಾರೆ.

ಕಾಕಾನ ಮನೆಯ ಟ್ರಂಕಿನಲ್ಲಿ ಯಾವುದೋ ಕಾಲದ ಸರ್ಕಾರಿ ಭೂಪಟವೊಂದಿತ್ತು. ಅದನ್ನು ತಂದು ಯಂತ್ರದ ಅಂಕಿಯನ್ನು ಅದರ ಮೇಲೆ ಗುರುತು ಹಾಕಿಸಿದರು. ನಮ್ಮ ಹೊಲ ನೂರು ಮೀಟರಿಗೂ ಹೆಚ್ಚು ಸರಿದಿತ್ತು. ಕಾಕಾ ನನ್ನ ಮುಖ ನೋಡಿದರು. ಇದರಲ್ಲಿ ನಮ್ಮಪ್ಪನ ಕೈವಾಡವಿರಲಿಲ್ಲ. ಹಳೆಯ ಪಟಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಭೂಮಿಯ ಆಕಾರವನ್ನು ಆಧರಿಸಿದವು, ಜಿಪಿಎಸ್ ನಂಬುವುದು ಡಬ್ಲ್ಯುಜಿಎಸ್-84 ಎಂಬ ಬೇರೆ ಆಕಾರವನ್ನು. ಯಂತ್ರದ ಮೆನುವಿನಲ್ಲಿ ಇದನ್ನು ಬದಲಿಸಿಕೊಳ್ಳದಿದ್ದರೆ ಎಷ್ಟು ದುಬಾರಿ ಯಂತ್ರವಾದರೂ ನಿಷ್ಠೆಯಿಂದ ತಪ್ಪನ್ನೇ ಹೇಳುತ್ತದೆ. ಎತ್ತರದ ಮಾತಂತೂ ತೆಗೆಯಬೇಡಿ. ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಡಿಮೆಯಿರುವ ಕಡೆ ಸಮುದ್ರಮಟ್ಟ ಆ ಗಣಿತದ ಆಕಾರಕ್ಕಿಂತ 106 ಮೀಟರ್ ತಗ್ಗಿದೆ, ಅದರ ಸೆಳೆತ ನಮ್ಮ ನೆಲದವರೆಗೂ ಚಾಚಿದೆ. ತಿದ್ದುಪಡಿ ಮಾಡದ ಯಂತ್ರವನ್ನು ಬೆಂಗಳೂರಿಗೆ ಒಯ್ದರೆ ಆ ಊರು ಎಂಬತ್ತು ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಕಾಕಾನಿಗೆ ಈ ಮಾತು ಬಹಳ ಸೇರಿತು.

ಹಾಗಾದರೆ ಒಂದು ಗುಂಟೆಯ ದೋಷ ಕಳೆಯುವುದು ಹೇಗೆ? ದಾರಿ ತೋರಿದ್ದು ಕಾಕಾ. ಹೊಲದ ಮೂಲೆಯಲ್ಲಿ ಹುಲ್ಲು ಸರಿಸಿ, ಮಣ್ಣು ಕೆದರಿ ಒಂದು ಕಲ್ಲು ತೋರಿಸಿದರು. ಮುಂಬಯಿ ಸರ್ಕಾರದ ಕಾಲದ ಬಾಂದಗಲ್ಲು. "ಇದು ಸರದಿಲ್ಲ. ನಾವೆಲ್ಲಾ ಸರದೀವಿ" ಎಂದರು. ಯಂತ್ರವನ್ನು ಅದರ ಮೇಲಿಟ್ಟು ಓದಿದೆ. ತಡಮಾಡದೆ ಬದುವಿನ ಇನ್ನೊಂದು ತುದಿಗೆ ಹೋಗಿ ಓದಿದೆ. ಎರಡು ಅಂಕಿಗಳೂ ಸುಳ್ಳೇ ಇರಬಹುದು, ಆದರೆ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಒಂದೇ ಅಳತೆಯ ಸುಳ್ಳು. ಮೇಲಿನ ಪದರ, ಉಪಗ್ರಹದ ಗಡಿಯಾರ ಎರಡಕ್ಕೂ ಒಂದೇ. ಒಂದರಿಂದ ಇನ್ನೊಂದನ್ನು ಕಳೆದರೆ ಆ ಸುಳ್ಳಿನ ಬಹುಪಾಲು ತಾನೇ ಕಳೆದುಹೋಗುತ್ತದೆ. ಬಂದ ಉದ್ದವನ್ನು ಕಾಕಾ ಹೆಜ್ಜೆಯಿಂದ ಅಳೆದು, ತಲೆಯಾಡಿಸಿ, ಒಪ್ಪಿದರು.

ದೊಡ್ಡವರು ಮಾಡಿದ್ದೂ ಇದನ್ನೇ. ಇಸ್ರೋ ಮತ್ತು ವಿಮಾನ ನಿಲ್ದಾಣಗಳ ಪ್ರಾಧಿಕಾರ ಕೂಡಿ ಕಟ್ಟಿದ ಗಗನ್ ವ್ಯವಸ್ಥೆಯಲ್ಲಿ ದೇಶದ ಹದಿನೈದು ಕಡೆ ತಾನು ನಿಂತ ಜಾಗ ಕರಾರುವಾಕ್ಕಾಗಿ ಗೊತ್ತಿರುವ ಕೇಂದ್ರಗಳಿವೆ. ಈ ಗಳಿಗೆಗೆ ಆಕಾಶ ತಮಗೆ ಎಷ್ಟು ಸುಳ್ಳು ಹೇಳಿತೆಂದು ಅವು ಬೆಂಗಳೂರಿನ ಕುಂದಲಹಳ್ಳಿಗೆ ವರದಿ ಒಪ್ಪಿಸುತ್ತವೆ. ಅಲ್ಲಿ ಎಲ್ಲವನ್ನೂ ತಾಳೆ ನೋಡಿ, ತಿದ್ದುಪಡಿಯನ್ನು ಜಿಸ್ಯಾಟ್ ಉಪಗ್ರಹಗಳ ಮೂಲಕ ಊರಿಗೆಲ್ಲ ಸಾರುತ್ತಾರೆ. 2015ರಿಂದ ವಿಮಾನ ಇಳಿಸಲು ಇದಕ್ಕೆ ಪರವಾನಗಿಯಿದೆ. ಗುಡ್ಡ ಹತ್ತುವವರ ಕೈಯಂತ್ರದಲ್ಲೂ ಈ ಸೌಲಭ್ಯವಿದ್ದರೆ ಮೆನುವಿನ ಒಂದು ಗುಂಡಿ ಒತ್ತಿದರೆ ಸಾಕು, ಮೂರು ಮೀಟರಿನೊಳಗೆ ಬರಬಹುದು, ಬಿಟ್ಟಿ. ಬ್ಯಾಟರಿ ಉಳಿಸಲು ಆ ಗುಂಡಿ ಆರಿಸಿಟ್ಟು ಯಂತ್ರವನ್ನು ಬೈಯುವವರೇ ಹೆಚ್ಚು.

ಕಡೆಗೆ ಕಾಕಾನೇ ಹದ್ದುಬಸ್ತಿಗೆ ಅರ್ಜಿ ಹಾಕಿದರು. ಸರ್ವೇಯರು ಬಂದರು, ಸರಪಳಿಯಿಲ್ಲ, ಕೋಲಿನ ತುದಿಗೆ ಕೂರಿಸಿದ ರೋವರು. ಅದೂ ಜಿಪಿಎಸ್ಸೇ, ಆದರೆ ಸಂಕೇತವನ್ನು ಹೊತ್ತು ತರುವ ಅಲೆಯನ್ನೇ ಎಣಿಸುತ್ತದೆ, ಒಂದು ಅಲೆಯ ಉದ್ದ 19 ಸೆಂಟಿಮೀಟರ್. ಜೊತೆಗೆ ಸರ್ವೇಕ್ಷಣ ಇಲಾಖೆಯ ಸ್ಥಿರ ಕೇಂದ್ರಗಳಿಂದ ಮೊಬೈಲಿನ ಮೂಲಕ ಆ ಕ್ಷಣದ ತಿದ್ದುಪಡಿ. ಮೊದಲು ಬಾಂದಗಲ್ಲಿನ ಮೇಲೆ ಕೋಲು ಊರಿದರು, ಆಮೇಲೆ ಬದುವಿನ ಮೇಲೆ. ಎರಡೂ ಮನೆಯವರು, ಎರಡು ತಲೆಮಾರಿನವರು, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು.

"ಸರ, ನಿಮ್ಮದು ಎಷ್ಟು ಆಚೀಚೆ ಹೇಳತೈತ್ರಿ?" ಎಂದು ಕಾಕಾ ಕೇಳಿದರು. ಈಗ ಅವರೂ ಪರಿಣತರು.

"ಎರಡು-ಮೂರು ಸೆಂಟಿಮೀಟರ್ ರಿ, ಅಜ್ಜಾರ."

ಕಾಕಾ ತಮ್ಮ ಹೆಬ್ಬೆರಳು, ತೋರುಬೆರಳು ಅಗಲಿಸಿ ಆ ಅಳತೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಖಿನ್ನರಾಗಿ, "ಇಷ್ಟರಾಗ ಏನ್ ಜಗಳಾಡೂದು ತಮ್ಮಾ? ವಕೀಲರು ಉಪಾಸ ಬೀಳ್ತಾರ" ಎಂದರು.